ಸೈಡ್‌ಲಿಂಗ್ ಘಾಟಿಯಲ್ಲಿ ಎರಡು ಟ್ರಕ್ಕುಗಳು

"ಇನ್ನೊಂದಿಷ್ಟು ಹಿಂದಕ್ಕ ಬಾ ತಂಗಿ… ಹಗುರಕ… ಸಾಕು, ಸಾಕು!"

ಕಾಕಾ ಎರಡೂ ಕೈ ಮೇಲೆತ್ತುತ್ತಾರೆ. ಅಕ್ಕ ಬ್ರೇಕ್ ಒತ್ತುತ್ತಾಳೆ. ಟ್ರಕ್ಕಿನ ಹಿಂಬದಿಯ ಕಬ್ಬಿಣದ ಗುಂಡು ಟ್ರೈಲರಿನ ಬಾಯಿಯ ನೇರ ಕೆಳಗೆ ಬಂದು ನಿಂತಿದೆ. ಭಾವ ಜಾಕ್ ಇಳಿಸುತ್ತಾರೆ. ಗ್ರೀಸ್ ಮೆತ್ತಿದ ಗುಂಡಿನ ಮೇಲೆ ಕೊಂಡಿ ಕೂತು ಟಕ್ಕನೆ ಸದ್ದಾಗುತ್ತದೆ, ಟ್ರಕ್ಕಿನ ಹಿಂಭಾಗ ಎರಡು ಬೆರಳಷ್ಟು ಕುಗ್ಗುತ್ತದೆ. ಕಾಕಾ ನೆಲಕ್ಕೆ ಕೂತು ಎರಡು ಸರಪಳಿಗಳನ್ನು ಕತ್ತರಿಯ ಹಾಗೆ ಒಂದರ ಮೇಲೊಂದು ಹಾಯಿಸಿ ಸಿಕ್ಕಿಸುತ್ತಾರೆ. ಕೊಂಡಿ ಕಳಚಿದರೂ ಟ್ರೈಲರಿನ ಮೂತಿ ರಸ್ತೆಗೆ ಬಡಿಯದೆ ಆ ಸರಪಳಿಗಳ ಮೇಲೆ ತೂಗಬೇಕು. ಆಮೇಲೆ ಏಳು ಪಿನ್ನಿನ ವೈರು, ಅದರ ಪಕ್ಕದಲ್ಲಿ ತೆಳ್ಳಗಿನ ಇನ್ನೊಂದು ತಂತಿ. ಟ್ರೈಲರ್ ಪೂರ್ತಿ ಕಳಚಿಕೊಂಡರೆ ಈ ತಂತಿ ಪಿನ್ ಎಳೆಯುತ್ತದೆ, ಟ್ರೈಲರಿನ ಬ್ರೇಕು ತಾನಾಗಿಯೇ ಹಿಡಿಯುತ್ತದೆ.

ಬೆಳಗಿನ ಏಳು ಗಂಟೆ. ಜಾಗ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕ್ಲಾರ್ಕ್ಸ್‌ಬರ್ಗ್‌ನ ಹೊರವಲಯ, ಬಾಡಿಗೆಗೆ ಗಾಡಿ ನಿಲ್ಲಿಸುವ ಬಯಲು. ಅಕ್ಕನ ಬಡಾವಣೆಯಲ್ಲಿ ಮನೆ ಮುಂದೆ ಟ್ರೈಲರ್ ಇಡಲು ಎಚ್‌ಒಎ, ಅಂದರೆ ಮನೆಮಾಲೀಕರ ಸಂಘ, ಬಿಡುವುದಿಲ್ಲ. 2010ರ ಜನಗಣತಿಯಲ್ಲಿ 14 ಸಾವಿರದ ಒಳಗಿದ್ದ ಈ ಊರು 2020ಕ್ಕೆ 29 ಸಾವಿರ ಆಗಿದೆ. ಹೊಲಗಳಿದ್ದಲ್ಲಿ ಸಾಲು ಮನೆಗಳು ಬಂದಿವೆ, ನಮ್ಮವರೂ ಸಾಕಷ್ಟು ಜನ ಬಂದು ನೆಲೆಸಿದ್ದಾರೆ. ಭಾವ ಮೊದಲು ಟ್ರೈಲರ್ ಕೊಂಡರು, ಸ್ನೇಹಿತರೊಬ್ಬರಿಂದ, ಸೆಕೆಂಡ್ ಹ್ಯಾಂಡ್. ಒಳಗೆ ಅಡುಗೆಮನೆ, ಬಚ್ಚಲು, ಮಕ್ಕಳಿಗೆ ಮೇಲೆ ಕೆಳಗೆ ಮಂಚ. ಲಿಟ್ಲ್ ಬೆನೆಟ್ ಪಾರ್ಕಿನ ಕ್ಯಾಂಪ್‌ಗ್ರೌಂಡ್ ಪಕ್ಕದಲ್ಲೇ ಇದೆ, ಆದರೆ ಇವರ ಮನಸ್ಸು ಇರುವುದು ರಾಜ್ಯದ ಪಶ್ಚಿಮ ತುದಿಯ ಡೀಪ್ ಕ್ರೀಕ್ ಸರೋವರದ ಮೇಲೆ. ಅಲ್ಲಿಗೆ ಹೋಗಬೇಕಾದರೆ ನಡುವೆ ಬೆಟ್ಟದ ಮೇಲೆ ಬೆಟ್ಟ. ಇನ್ನು ಬೇಕಿರುವುದು ಎಳೆಯುವ ಟ್ರಕ್ಕು. ಡೀಸೆಲ್ಲೋ, ಇಲ್ಲಿಯವರು ಗ್ಯಾಸ್ ಎನ್ನುವ ಪೆಟ್ರೋಲೋ? ಮನೆಯಲ್ಲಿ ಈ ಮಾತು ಶುರುವಾಗಿ ಬಹಳ ದಿನವಾಯಿತು.

ಕಾಕಾ ಹುಬ್ಬಳ್ಳಿಯವರು. ಕಾವೇರಿ ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಪರಿಚಯ. ಫ್ರೆಡರಿಕ್ ಕಡೆ ಸಣ್ಣ ಕಟ್ಟಡ ಕಂಟ್ರಾಕ್ಟು ಮಾಡುತ್ತಾರೆ, ಮಕ್ಕಳು ಕಾಕಾ ಅನ್ನುವುದರಿಂದ ನಮಗೆಲ್ಲರಿಗೂ ಕಾಕಾ. ಅವರ ಬಳಿ ಎರಡು ಫೋರ್ಡ್ ಎಫ್-250 ಇವೆ, ಎರಡೂ 2023ರವು. ಒಂದು 6.7 ಲೀಟರಿನ ಡೀಸೆಲ್, ಇನ್ನೊಂದು 7.3 ಲೀಟರಿನ ಪೆಟ್ರೋಲ್. "ಬಾಯಿ ಮಾತಿನ್ಯಾಗ ಏನ್ ತಿಳೀತದ? ಒಂದ ಟ್ರೈಲರು, ಒಂದ ಗುಡ್ಡ, ಎರಡು ಗಾಡಿ. ಒಂದ್ಸಲ ಹತ್ತಿ ಇಳದು ನೋಡ್ರಿ" ಅಂದರು. ಅದಕ್ಕೇ ಈ ಹೊತ್ತಿನಲ್ಲಿ ಇಲ್ಲಿದ್ದೇವೆ. ಡೀಸೆಲ್ ಗಾಡಿಗೆ ಟ್ರೈಲರ್ ಕಟ್ಟಿದೆ, ಅಕ್ಕ ಓಡಿಸುತ್ತಾಳೆ. ಕಾಕಾ ಅವಳ ಪಕ್ಕ, ನಾನು ಹಿಂದೆ. ಭಾವ ಖಾಲಿ ಪೆಟ್ರೋಲ್ ಗಾಡಿಯಲ್ಲಿ ಹಿಂಬಾಲಿಸುತ್ತಾರೆ.

ಐ-270 ಹತ್ತುತ್ತೇವೆ. ಕ್ಲಾರ್ಕ್ಸ್‌ಬರ್ಗ್ ಎಕ್ಸಿಟ್ ದಾಟಿದ್ದೇ ಹೆದ್ದಾರಿ ಇಕ್ಕಟ್ಟಾಗಿ ಬದಿಗೆ ಎರಡೇ ಲೇನ್ ಉಳಿಯುತ್ತದೆ. ಎಡಕ್ಕೆ ಶುಗರ್‌ಲೋಫ್ ಬೆಟ್ಟ ಒಂಟಿಯಾಗಿ ಕೂತಿದೆ. ಅಕ್ಕನ ಕೈ ಸ್ಟಿಯರಿಂಗ್ ಮೇಲೆ ಬಿಗಿಯಾಗಿದೆ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ನುಗ್ಗಿದಾಗ ಗಾಳಿ ಮೊದಲು ಟ್ರೈಲರನ್ನು ಆಚೆ ತಳ್ಳುತ್ತದೆ, ಮರುಕ್ಷಣ ಈಚೆ ಸೆಳೆಯುತ್ತದೆ. ಸೀಟಿನಲ್ಲಿ ಕೂತವರ ಸೊಂಟಕ್ಕೆ ಅದು ಗೊತ್ತಾಗುತ್ತದೆ. "ಕೈ ಸಡಿಲ ಬಿಡು, ಅದು ತಾನ ಸರಿ ಹೋಗ್ತದ" ಅನ್ನುತ್ತಾರೆ ಕಾಕಾ. ಸರಿ ಹೋಗುತ್ತದೆ. ಫ್ರೆಡರಿಕ್ ದಾಟಿ ಐ-70ಕ್ಕೆ ಬಂದಾಗ ಬ್ರ್ಯಾಡಕ್ ಹೈಟ್ಸ್‌ನ ಏರು, ಅದಾದ ಮೇಲೆ ಸೌತ್ ಮೌಂಟನ್. ಅಪಲೇಶಿಯನ್ ಟ್ರೈಲ್‌ನಲ್ಲಿ ನಡೆಯುವವರ ಕಾಲುಸೇತುವೆ ತಲೆಯ ಮೇಲೆ ಹಾದುಹೋಗುತ್ತದೆ. ಡೀಸೆಲ್ ಈ ಏರುಗಳನ್ನು ಗಮನಿಸಿದ ಹಾಗೇ ಕಾಣುವುದಿಲ್ಲ.

ಹೇಗರ್ಸ್‌ಟೌನ್ ಬಳಿಯ ಟ್ರಕ್ ಸ್ಟಾಪಿನಲ್ಲಿ ತೂಕದ ಕಟ್ಟೆ ಇದೆ. ಮುಂದಿನ ಗಾಲಿ ಒಂದು ಹಲಗೆ, ಹಿಂದಿನ ಗಾಲಿ ಒಂದು, ಟ್ರೈಲರ್ ಇನ್ನೊಂದು. ಟ್ರೈಲರ್ ಕಟ್ಟಿ ಒಮ್ಮೆ, ಬಿಚ್ಚಿ ಒಮ್ಮೆ ತೂಗಿಸುತ್ತೇವೆ. ಈ ಚೀಟಿಯಷ್ಟು ಸತ್ಯ ಹೇಳುವ ಕಾಗದ ಟ್ರಕ್ ಮಾರುವ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಟ್ರೈಲರಿನ ಕರಪತ್ರದಲ್ಲಿ ಬರೆದ ತೂಕ 5,400 ಪೌಂಡ್. ಅದು ಖಾಲಿ ಡಬ್ಬದ್ದು. ನೀರು, ಗ್ಯಾಸ್ ಸಿಲಿಂಡರು, ಬ್ಯಾಟರಿ, ಹಾಸಿಗೆ, ಪಾತ್ರೆ, ಅಮ್ಮನ ಇಡ್ಲಿ ಕುಕ್ಕರು ಎಲ್ಲ ಸೇರಿ ಚೀಟಿ ತೋರಿಸುವುದು 6,820. ಅದರಲ್ಲಿ 860 ಪೌಂಡ್ ಟ್ರಕ್ಕಿನ ಕೊಂಡಿಯ ಮೇಲೆ ಕೂತಿದೆ.

"ಅಷ್ಟೊಂದು ಭಾರ ಕೊಂಡಿ ಮೇಲೆ ಯಾಕೆ? ಸಾಮಾನು ಹಿಂದಕ್ಕೆ ಸರಿಸಿದ್ರೆ ಹಗುರ ಆಗಲ್ವ?" ಭಾವ ಕೇಳುತ್ತಾರೆ.

ಕಾಕಾ ತಲೆ ಅಲ್ಲಾಡಿಸುತ್ತಾರೆ. ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಹೆಚ್ಚು ಹೇರಿದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದೆ ಹೆಚ್ಚಾದರೆ ನೊಗ ಹೆಗಲನ್ನು ಕೊರೆಯುತ್ತದೆ. ಇಲ್ಲಿಯೂ ಹಾಗೇ. ಟ್ರೈಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಇರಲೇಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಬಾಲ ಬೀಸುತ್ತದೆ, ಆಗ ಟ್ರಕ್ಕಿನ ಎಂಜಿನ್ ಯಾವುದಾಗಿದ್ದರೂ ಪ್ರಯೋಜನವಿಲ್ಲ.

ಭಾವ ಈ ಮೊದಲು ಇಷ್ಟಪಟ್ಟಿದ್ದು ಚಿಕ್ಕ ವರ್ಗದ, ಹಾಫ್-ಟನ್ ಎನ್ನುವ ಟ್ರಕ್ಕು. ಜಾಹೀರಾತಿನಲ್ಲಿ 11 ಸಾವಿರ ಪೌಂಡ್ ಎಳೆಯುತ್ತದೆ ಎಂದು ದೊಡ್ಡ ಅಕ್ಷರ. ಅದರ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಹಳದಿ-ಬಿಳಿ ಚೀಟಿಯ ಫೋಟೊ ಅವರ ಫೋನಿನಲ್ಲಿದೆ: ಜನ ಮತ್ತು ಸಾಮಾನು ಸೇರಿ 1,480 ಪೌಂಡ್ ಮೀರಬಾರದು. ಟ್ರಕ್ಕಿನ ಹಲಗೆ ಮೇಲೆ ಕಾಗದ ಇಟ್ಟು ಕೂಡುತ್ತೇವೆ. ಕೊಂಡಿಯ ಭಾರ 860. ಭಾರ ಹಂಚುವ ಹಿಚ್ಚಿನದೇ 90. ಅಕ್ಕ, ಭಾವ, ಎರಡು ಮಕ್ಕಳು, ಅಮ್ಮ ಸೇರಿ 720. ಒಲೆ, ಸೌದೆ, ಮಡಚುವ ಕುರ್ಚಿ 150. ಒಟ್ಟು 1,820. ಎಳೆಯುವ ಶಕ್ತಿ ಬೇಕಾದಷ್ಟಿದೆ, ಹೊರುವ ಶಕ್ತಿ ಇಲ್ಲ. ಹಾಫ್-ಟನ್ ಅಲ್ಲಿಗೇ ಮುಗಿಯಿತು. ಡೀಸೆಲ್ಲೋ ಪೆಟ್ರೋಲೋ ಎಂದು ತಿಂಗಳುಗಟ್ಟಲೆ ಚರ್ಚಿಸುವ ಎಷ್ಟೋ ಮನೆಗಳವರು ಈ ಚೀಟಿಯನ್ನು ಓದಿರುವುದಿಲ್ಲ. ನನಗೆ ಇದು ನಿಜಕ್ಕೂ ಕಳವಳದ ವಿಷಯ, ಯಾಕೆಂದರೆ ಹಿಂದಿನ ಸೀಟಿನಲ್ಲಿ ಕೂತಿರುವುದು ಮಕ್ಕಳು.

ಕಾಕಾ ತಮ್ಮ ಎರಡೂ ಗಾಡಿಗಳ ಬಾಗಿಲು ತೆರೆದು ತೋರಿಸುತ್ತಾರೆ. ಡೀಸೆಲ್ಲಿನ ಚೀಟಿ 2,410. ಪೆಟ್ರೋಲಿನದು 3,030. ಭಾವ ಎರಡು ಸಲ ಓದುತ್ತಾರೆ. ಹೆಚ್ಚು ಬಲದ ಎಂಜಿನ್, ಕಡಿಮೆ ಹೊರೆ! ಕಾರಣ ಸರಳ. ಎರಡೂ ಗಾಡಿಗಳ ಒಟ್ಟು ತೂಕಕ್ಕೆ ಕಾಗದದ ಮೇಲೆ ಇರುವ ಮಿತಿ ಒಂದೇ, 10 ಸಾವಿರ ಪೌಂಡ್. ಡೀಸೆಲ್ ಎಂಜಿನ್ನು ಹಲವು ನೂರು ಪೌಂಡ್ ಹೆಚ್ಚು ತೂಗುತ್ತದೆ. ಆ ಹೆಚ್ಚಿನ ತೂಕ ಕಡಿತವಾಗುವುದು ನಮ್ಮ ಪಾಲಿನಿಂದ.

ಹ್ಯಾನ್‌ಕಾಕ್. ಮೇರಿಲ್ಯಾಂಡ್ ಇಲ್ಲಿ ಎಷ್ಟು ಸಣಕಲು ಅಂದರೆ ಪೆನ್ಸಿಲ್ವೇನಿಯಾ ಗಡಿಗೂ ಪೊಟೋಮ್ಯಾಕ್ ನದಿಗೂ ನಡುವೆ ಎರಡು ಮೈಲಿಯೂ ಇಲ್ಲ. ಐ-68 ಇಲ್ಲಿಂದ ಪಶ್ಚಿಮಕ್ಕೆ ಕವಲೊಡೆಯುತ್ತದೆ. ಕವಲು ಹಿಡಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿಗೆ ಬೆಟ್ಟದ ಸಾಲಿನಲ್ಲಿ ಚೂರಿಯಿಂದ ಕೊಯ್ದಂಥ ಗಾಯ ಕಾಣುತ್ತದೆ. ಅದೇ ಸೈಡ್‌ಲಿಂಗ್ ಹಿಲ್.

"ಈಗ ನೋಡು" ಅನ್ನುತ್ತಾರೆ ಕಾಕಾ.

ಶೇ 6ರ ಏರು. ಅಕ್ಕ ಗಂಟೆಗೆ 60 ಮೈಲಿಯಲ್ಲಿದ್ದಾಳೆ. ರಸ್ತೆ ಎದ್ದು ನಿಲ್ಲುತ್ತದೆ, ಕಾಲು ಸ್ವಲ್ಪ ಒತ್ತುತ್ತಾಳೆ. ಬಾನೆಟ್ಟಿನ ಕೆಳಗೆ ಗುಡುಗುಡು ಸ್ವಲ್ಪ ಗಾಢವಾಗುತ್ತದೆ, ಟರ್ಬೋದ ಸಣ್ಣ ಸಿಳ್ಳೆ. ಗೇರು ಒಂದು ಮೆಟ್ಟಿಲು ಇಳಿಯುತ್ತದೆ. ಸುತ್ತಿನ ಮುಳ್ಳು 2,000ದ ಆಸುಪಾಸಿನಲ್ಲೇ ನಿಂತಿದೆ. ವೇಗ 60 ಇದ್ದದ್ದು 60ರಲ್ಲೇ ಇದೆ. ಈ ಎಂಜಿನ್ನಿನ ಟಾರ್ಕು 1,050 ಪೌಂಡ್-ಫೀಟ್, ಪೆಟ್ರೋಲಿನದು 485. ಕಾಗದದಲ್ಲಿ ಓದಿದ ಆ ಎರಡು ಅಂಕಿಗಳ ಅರ್ಥ ಈಗ ಬೆನ್ನಿಗೆ ತಾಗುತ್ತಿದೆ. ಡೀಸೆಲ್ಲಿನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಹದಿನೈದು ಪಟ್ಟಿಗೂ ಹೆಚ್ಚು ಒತ್ತಿ, ಆ ಬಿಸಿಗೇ ಇಂಧನ ಹೊತ್ತಿಕೊಳ್ಳುವಂತೆ ಮಾಡುವ ಯಂತ್ರ ಇದು. ಟರ್ಬೋ ಸೇರಿದರೆ ಕಡಿಮೆ ಸುತ್ತಿನಲ್ಲೇ ಪೂರ್ತಿ ಬಲ ಬರುತ್ತದೆ.

ಕಣಿವೆ ನಮ್ಮನ್ನು ನುಂಗುತ್ತದೆ. ಎರಡೂ ಬದಿ ಸುಮಾರು 340 ಅಡಿ ಎತ್ತರದ ಬಂಡೆಗೋಡೆ. ಪದರ ಪದರ ಕಲ್ಲು ತೊಟ್ಟಿಲಿನಂತೆ ನಡುವೆ ಬಾಗಿದೆ. 1980ರ ದಶಕದಲ್ಲಿ ಈ ಬೆಟ್ಟ ಸೀಳುವ ಮುಂಚೆ ಲಾರಿಗಳು ಇದರ ಮೈಮೇಲಿನ ಕಡಿದಾದ ತಿರುವುಗಳ ಹಳೆಯ ದಾರಿಯಲ್ಲೇ ಹತ್ತಿ ಇಳಿಯಬೇಕಿತ್ತು. ಅಕ್ಕ ಗೋಡೆ ನೋಡುತ್ತಿಲ್ಲ. ಅವಳ ಕಣ್ಣು ಆಚೆ ಬದಿಯ ಇಳಿಜಾರಿನ ಮೇಲಿದೆ.

"ಹತ್ತೋದು ಸರಿ ಕಾಕಾ. ಇಳಿಯೋವಾಗ ಏನಾಗುತ್ತೆ?"

ನಾವು ಸಕಲೇಶಪುರದವರು. ಅಪ್ಪ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವರು. ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ ಅನ್ನುವುದು ಅವರ ಕಾಲದ ಡ್ರೈವರುಗಳೆಲ್ಲರ ಪಾಠ. ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಲೈನರ್ ಕಾದು ಹೊಗೆ ಬರುತ್ತದೆ, ಆಮೇಲೆ ಪೆಡಲ್ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಮಂಗಳೂರು ಬಂದರಿಗೆ ಇಳಿಯುವ ಲಾರಿಗಳ ಆ ಸುಟ್ಟ ವಾಸನೆ ನಮಗೆ ಚಿಕ್ಕಂದಿನಿಂದ ಗೊತ್ತು. ಅದಕ್ಕೇ ಅಕ್ಕನ ಪ್ರಶ್ನೆ ಎಂಜಿನ್ನಿನ ಬಗ್ಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಅಂತ ನನಗನ್ನಿಸುತ್ತದೆ.

ಕಾಕಾ ಡ್ಯಾಶ್‌ಬೋರ್ಡಿನ ಒಂದು ಗುಂಡಿ ಒತ್ತುತ್ತಾರೆ. ಎಕ್ಸಾಸ್ಟ್ ಬ್ರೇಕ್. ಅಕ್ಕ ಕಾಲು ತೆಗೆಯುತ್ತಾಳೆ. ಒಮ್ಮೆಲೇ ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತಾಗುತ್ತದೆ. ಹೊಗೆ ಹೊರಹೋಗುವ ದಾರಿಯನ್ನು ಟರ್ಬೋದ ರೆಕ್ಕೆಗಳು ಇಕ್ಕಟ್ಟು ಮಾಡಿವೆ. ಎಂಜಿನ್ನಿಗೆ ಉಸಿರು ಬಿಡಲು ಕಷ್ಟ, ಆ ಕಷ್ಟವೇ ಗಾಡಿಯನ್ನು ತಡೆಯುತ್ತಿದೆ. ಗೊರ್ರ್ ಎಂಬ ಸದ್ದಿನೊಂದಿಗೆ 55ರಲ್ಲಿ, ಅದೇ 55ರಲ್ಲಿ, ಬುಡದವರೆಗೆ. ಬ್ರೇಕ್ ಪೆಡಲನ್ನು ಅಕ್ಕ ಮುಟ್ಟಿದ್ದು ಕೊನೆಗೆ ಎಕ್ಸಿಟ್ ಹಿಡಿಯುವಾಗ ಮಾತ್ರ.

"ಇದೇ ಬೇಕು" ಅನ್ನುತ್ತಾರೆ ಭಾವ, ಇಳಿದು ಬಂದವರೇ. ಹಿಂದಿನಿಂದ ನೋಡಿದ್ದಾರೆ, ಎಕ್ಸಿಟ್ ಬರುವವರೆಗೆ ಟ್ರೈಲರಿನ ಬ್ರೇಕ್ ದೀಪ ಹೊತ್ತಲೇ ಇಲ್ಲವಂತೆ. ಅಕ್ಕ ಮಾತಾಡುವುದಿಲ್ಲ. ಕೊಂಡಿ ಬಿಚ್ಚಿ ಪೆಟ್ರೋಲ್ ಗಾಡಿಗೆ ಕಟ್ಟಲು ಶುರು ಮಾಡಿದ್ದಾಳೆ.

ಈಗ ಅದೇ ಬೆಟ್ಟ, ಪಶ್ಚಿಮದಿಂದ ಪೂರ್ವಕ್ಕೆ. ಭಾವ ಪಕ್ಕದಲ್ಲಿ, ಕಾಕಾ ಹಿಂದಿನ ಗಾಡಿಯಲ್ಲಿ. ಏರು ಶುರುವಾಗುತ್ತಿದ್ದಂತೆ ಎಂಜಿನ್ ಕ್ಷಣ ಯೋಚಿಸುತ್ತದೆ. ಗೇರು ಇಳಿಯುತ್ತದೆ, ಮತ್ತೆ ಇಳಿಯುತ್ತದೆ. ಮುಳ್ಳು 4,000 ದಾಟುತ್ತದೆ. ಕ್ಯಾಬಿನ್ನು ಸದ್ದಿನಿಂದ ತುಂಬುತ್ತದೆ, ಮಾತಾಡಬೇಕಾದರೆ ದನಿ ಏರಿಸಬೇಕು. ವೇಗ 60ರಿಂದ 56ಕ್ಕೆ ಬಂದು ಅಲ್ಲಿ ನಿಲ್ಲುತ್ತದೆ.

"ಪಾಪ, ಒದ್ದಾಡ್ತಿದೆ" ಭಾವ ಕೂಗುತ್ತಾರೆ.

"ಒದ್ದಾಡ್ತಿಲ್ಲ ರೀ, ಕೆಲಸ ಮಾಡ್ತಿದೆ. ಟೆಂಪರೇಚರ್ ನೋಡಿ."

ಶಾಖದ ಮುಳ್ಳು ನಡುವಿನಲ್ಲಿ ಅಲುಗಾಡದೆ ನಿಂತಿದೆ. ಈ ಎಂಜಿನ್ನನ್ನು ಮಾಡಿರುವುದೇ ಹೀಗೆ ಕೂಗಲಿಕ್ಕೆ. ಎರಕದ ಕಬ್ಬಿಣದ ಬ್ಲಾಕು, ಟರ್ಬೋ ಇಲ್ಲ, 430 ಅಶ್ವಶಕ್ತಿ ಸಿಗುವುದು ಸುತ್ತು ಏರಿದಾಗ. ಕಿವಿಗೆ ಹಿತವಲ್ಲ, ಆದರೆ ಎಂಜಿನ್ನಿಗೆ ಅಪಾಯವೂ ಅಲ್ಲ.

ಬಂಡೆಗೋಡೆಯ ನಡುವೆ ಹಾದು ಇಳಿಜಾರು. ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಗುಂಡಿಯನ್ನು ಅಕ್ಕ ಮೊದಲೇ ಒತ್ತಿದ್ದಾಳೆ. ಕಾಲು ತೆಗೆದು ಬ್ರೇಕನ್ನು ಒಮ್ಮೆ ಒತ್ತುತ್ತಾಳೆ, ಗೇರು ತಾನಾಗಿ ಇಳಿದು ಎಂಜಿನ್ ಮತ್ತೆ ಕೂಗುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಗಾಳಿಯ ದಾರಿಯಲ್ಲಿ ಥ್ರಾಟಲ್ ಎಂಬ ಬಾಗಿಲಿದೆ. ಕಾಲು ತೆಗೆದರೆ ಅದು ಮುಚ್ಚಿ, ಗಾಳಿಗಾಗಿ ಎಳೆದಾಡುವ ಎಂಜಿನ್ನೇ ತಡೆಯಾಗುತ್ತದೆ. ಎಕ್ಸಾಸ್ಟ್ ಬ್ರೇಕಿನಷ್ಟು ಗಟ್ಟಿಯಲ್ಲ. ವೇಗ ನಿಧಾನವಾಗಿ 55ರಿಂದ 59ಕ್ಕೆ ತೆವಳುತ್ತದೆ. ಅಕ್ಕ ಗಟ್ಟಿಯಾಗಿ ಒಂದು ಸಲ ಬ್ರೇಕ್ ಒತ್ತಿ 50ಕ್ಕೆ ಇಳಿಸಿ ಪೂರ್ತಿ ಬಿಡುತ್ತಾಳೆ. ಟ್ರೈಲರಿನ ನಾಲ್ಕು ಗಾಲಿಗಳ ವಿದ್ಯುತ್ ಬ್ರೇಕುಗಳೂ ಜೊತೆಗೆ ಹಿಡಿದು ಬಿಡುತ್ತವೆ. ಮತ್ತೆ ತೆವಳು, ಮತ್ತೊಂದು ಒತ್ತು, ಪೂರ್ತಿ ಬಿಡು. ಅಪ್ಪ ಹೇಳಿಕೊಟ್ಟ ಕ್ರಮವೇ. ಬುಡಕ್ಕೆ ಬಂದು ನಿಲ್ಲಿಸಿ ಗಾಲಿಗಳ ಬಳಿ ಮೂಸಿ ನೋಡುತ್ತೇನೆ. ಸುಟ್ಟ ವಾಸನೆ ಇಲ್ಲ.

ಹ್ಯಾನ್‌ಕಾಕಿನ ಪೆಟ್ರೋಲ್ ಬಂಕಿನಲ್ಲಿ ಬೋರ್ಡು ನೋಡಿ ಭಾವ ಪೆನ್ನು ತೆಗೆಯುತ್ತಾರೆ. ಪೆಟ್ರೋಲ್ ಗ್ಯಾಲನ್ನಿಗೆ 3.10 ಡಾಲರ್, ಡೀಸೆಲ್ 3.70. ಊರಿನಲ್ಲಿ ಬೆಳೆದ ನಮ್ಮ ತಲೆಯಲ್ಲಿ ಡೀಸೆಲ್ ಅಂದರೆ ಅಗ್ಗ, ಮೈಲೇಜು ಹೆಚ್ಚು, ಹೊಲ ಗದ್ದೆ ಲಾರಿ ಟ್ರಾಕ್ಟರಿನವರ ಇಂಧನ. ಇಲ್ಲಿ ಕೇಂದ್ರ ಸರ್ಕಾರದ ತೆರಿಗೆಯೇ ಪೆಟ್ರೋಲಿಗೆ 18.4 ಸೆಂಟ್, ಡೀಸೆಲ್ಲಿಗೆ 24.4. ಮೈಲೇಜು ಹೆಚ್ಚು ಅನ್ನುವುದು ಮಾತ್ರ ಇಲ್ಲೂ ನಿಜ. ಟ್ರೈಲರ್ ಎಳೆಯುವಾಗ ಕಾಕಾ ಅವರ ಡೀಸೆಲ್ ಗ್ಯಾಲನ್ನಿಗೆ ಹನ್ನೊಂದೂವರೆ ಮೈಲಿ ಕೊಡುತ್ತದೆ, ಪೆಟ್ರೋಲ್ ಎಂಟೂವರೆ. ಖಾಲಿ ಓಡುವಾಗ 18 ಮತ್ತು 14.

ವರ್ಷಕ್ಕೆ ಎಳೆಯುವುದು 3 ಸಾವಿರ ಮೈಲಿ, ಉಳಿದಂತೆ 7 ಸಾವಿರ ಎಂದು ಹಿಡಿದರೆ ಡೀಸೆಲ್ಲಿನಿಂದ ಉಳಿಯುವುದು ಸುಮಾರು 240 ಡಾಲರ್. ಕೊಳ್ಳುವಾಗ ಡೀಸೆಲ್ ಎಂಜಿನ್ನಿಗೆ ಹೆಚ್ಚು ಕೊಡಬೇಕಾದದ್ದು ಸುಮಾರು 10 ಸಾವಿರ.

ಭಾವ ಕಾಗದ ನೋಡುತ್ತಲೇ ಇದ್ದಾರೆ. "ನಲವತ್ತು ವರ್ಷ ಬೇಕಲ್ಲಪ್ಪಾ!"

"ಮಾರುವಾಗ ಡೀಸೆಲ್ಲಿಗೆ ರೇಟು ಹೆಚ್ಚು ಬರ್ತದ್ರಿ. ಅದನ್ನೂ ಬರಕೋರಿ" ಅನ್ನುತ್ತಾರೆ ಕಾಕಾ. ನ್ಯಾಯವಾದ ಮಾತು. ಅರ್ಧ ವಾಪಸು ಬಂತು ಅಂದುಕೊಂಡರೂ ಇಪ್ಪತ್ತು ವರ್ಷ. ಇನ್ನೂ ಈ ಲೆಕ್ಕದಲ್ಲಿ ಆಯಿಲ್ ಸೇರಿಲ್ಲ: ಈ ವರ್ಗದ ಡೀಸೆಲ್ಲುಗಳು ಒಂದು ಸಲಕ್ಕೆ 10ರಿಂದ 13 ಕ್ವಾರ್ಟ್ ಕುಡಿಯುತ್ತವೆ. ಡೀಸೆಲ್ ಫಿಲ್ಟರುಗಳು ಬೇರೆ. ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ ಬೇರೆ. ಅದು ಮೈನಸ್ 11 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ, ಮುಗಿದರೆ ಗಾಡಿ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ.

ಆದರೆ ನನ್ನ ಮಟ್ಟಿಗೆ ಹಣಕ್ಕಿಂತ ದೊಡ್ಡ ಪ್ರಶ್ನೆ ಆ ಉಳಿದ 7 ಸಾವಿರ ಮೈಲಿ ಎಂಥವು ಅನ್ನುವುದು. ಕ್ಲಾರ್ಕ್ಸ್‌ಬರ್ಗ್‌ನ ವಾರದ ದಿನಗಳನ್ನು ನೆನೆಸಿಕೊಳ್ಳಿ. ಮಕ್ಕಳನ್ನು ಶಾಲೆಗೆ ಬಿಡುವುದು ಐದು ನಿಮಿಷ. ಔಟ್‌ಲೆಟ್ಸ್ ಮಾಲಿನ ಕಡೆ ಒಂದು ಸುತ್ತು. ದಿನಸಿ ಅಂಗಡಿ, ಭರತನಾಟ್ಯ ಕ್ಲಾಸು, ಮನೆ. ಡೀಸೆಲ್ ಎಂಜಿನ್ ಬಿಸಿಯಾಗುವಷ್ಟರಲ್ಲಿ ಪ್ರಯಾಣ ಮುಗಿದಿರುತ್ತದೆ. 2007ರ ನಿಯಮದಿಂದ ಈಚೆಗೆ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಹಿಡಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ 500 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿದ ಶಾಖ ಬೇಕು, ಹೆದ್ದಾರಿಯ ಒಂದೇ ಸಮನೆ ಓಟ ಬೇಕು. ಅರ್ಧ ಸುಟ್ಟು ನಿಲ್ಲಿಸಿ, ಮತ್ತೆ ಅರ್ಧ ಸುಟ್ಟು ನಿಲ್ಲಿಸಿ ಮಾಡಿದರೆ ಕಟ್ಟಿಕೊಳ್ಳುತ್ತದೆ, ಎಚ್ಚರಿಕೆ ದೀಪ ಹತ್ತುತ್ತದೆ, ವರ್ಕ್‌ಶಾಪಿನ ದಾರಿ ಹಿಡಿಯಬೇಕಾಗುತ್ತದೆ.

"ಆ ಫಿಲ್ಟರ್ ತೆಗೆಸಿಬಿಡ್ತಾರಂತಲ್ಲ?" ಭಾವ ಕೇಳುತ್ತಾರೆ.

ಕಾಕಾ ಮುಖ ಗಂಟಿಕ್ಕುತ್ತಾರೆ. "ತಗಸ್ತಾರ. ಕಾನೂನಿಗೆ ವಿರುದ್ಧ. ಅದು ಬಿಡ್ರಿ, ಹಿಂದ ಬರೋ ಗಾಡ್ಯಾಗ ಯಾರದೋ ಕೂಸು ಕೂತಿರ್ತದ. ನನ್ನ ಗಾಡ್ಯಾಗ ಹಂಗ ಮಾಡ್ಸೂದಿಲ್ಲ." ಆ ಮಾತಿಗೆ ನಾನು ಅವರ ಕೈ ಹಿಡಿದು ಅದುಮುತ್ತೇನೆ.

ಹಾಗಾದರೆ ಅವರೇಕೆ ಡೀಸೆಲ್ ಇಟ್ಟುಕೊಂಡಿದ್ದಾರೆ? ಅವರ ಬಾಬ್‌ಕ್ಯಾಟ್ ಯಂತ್ರ, ಅದರ ಟ್ರೈಲರ್, ಬಕೆಟ್ಟುಗಳು ಸೇರಿ 13 ಸಾವಿರ ಪೌಂಡ್ ದಾಟುತ್ತದೆ. ವಾರಕ್ಕೆ ಎರಡು ಮೂರು ಸಲ ಪೆನ್ಸಿಲ್ವೇನಿಯಾ ಇಲ್ಲವೇ ವೆಸ್ಟ್ ವರ್ಜೀನಿಯಾದ ಗುಡ್ಡಗಳಿಗೆ ಎಳೆಯುತ್ತಾರೆ. ಆ ಗಾಡಿಯ ಫಿಲ್ಟರಿಗೆ ಕಟ್ಟಿಕೊಳ್ಳಲು ಪುರಸೊತ್ತಿಲ್ಲ. ಮೈಲಿಗಳು ಬೇಗ ಬೇಗ ಸೇರಿ ಹಾಕಿದ ದುಡ್ಡೂ ವಾಪಸಾಗುತ್ತದೆ. ಪೆಟ್ರೋಲ್ ಗಾಡಿ ಊರೊಳಗಿನ ಕೆಲಸಕ್ಕೆ, ಹಲಗೆ ಸಿಮೆಂಟು ಹೊರಲು. ಎರಡೂ ತಮ್ಮ ತಮ್ಮ ಕೆಲಸದಲ್ಲಿವೆ.

ಅಕ್ಕ ಬಂಕಿನ ಒಳಗಿಂದ ಕಾಫಿ ತಂದಿದ್ದಾಳೆ. "ನಾನು ಹೇಳ್ಲಾ? ಹತ್ತೋವಾಗ ಡೀಸೆಲ್ ಸುಖ. ಇಳಿಯೋವಾಗ ಇನ್ನೂ ಸುಖ, ಸುಳ್ಳು ಹೇಳಲ್ಲ. ಆದ್ರೆ ಪೆಟ್ರೋಲಲ್ಲಿ ನಂಗೆ ಭಯ ಆಗ್ಲಿಲ್ಲ. ಸದ್ದಾಯ್ತು ಅಷ್ಟೆ. ವರ್ಷಕ್ಕೆ ನಾಲ್ಕಾರು ಸಲ ಸದ್ದು ಕೇಳ್ಕೊಂಡು ಹೋಗ್ತೀನಿ. ದಿನಾ ಶಾಲೆಗೆ ಹೋಗೋ ಗಾಡಿ ದೀಪ ಹತ್ತಿಸ್ಕೊಂಡು ಕೂರೋದು ನಂಗೆ ಬೇಡ."

"ಇನ್ನೂ ದೊಡ್ಡ ಟ್ರೈಲರ್ ತಗೊಂಡ್ರೆ?" ಭಾವನಿಗೆ ಇನ್ನೂ ಆಸೆ.

"ಅವಾಗ ನನ್ನ ಡೀಸೆಲ್ ಮಾರ್ತೀನಿ, ನೀವ ತಗೋರಿ" ಅನ್ನುತ್ತಾರೆ ಕಾಕಾ. ಆಮೇಲೆ ಅಕ್ಕನ ಕಡೆ ತಿರುಗಿ, "ಪೆಟ್ರೋಲ್ ತಗೊಳ್ಳೋದಾದ್ರ ಹಿಂದಿನ ಆಕ್ಸಲ್ಲು 4.30 ಇರೋದು ನೋಡು ತಂಗಿ. 3.73 ಬ್ಯಾಡ. ಈ ಗುಡ್ಡದಾಗ ಫರಕು ಗೊತ್ತಾಗ್ತದ" ಅನ್ನುತ್ತಾರೆ. ಹಲ್ಲಿನ ಅನುಪಾತ ಹೆಚ್ಚಿದಷ್ಟೂ ಗಾಲಿಗೆ ಎಳೆತ ಹೆಚ್ಚು, ಖಾಲಿ ಓಡುವಾಗ ಮೈಲೇಜು ಸ್ವಲ್ಪ ಕಡಿಮೆ. ಇವರಿಗೆ ಅದು ಒಪ್ಪುವ ವ್ಯಾಪಾರ.

ಭಾವ ಫೋನ್ ತೆಗೆದು, ವಾರದಿಂದ ಬೆನ್ನು ಬಿದ್ದಿರುವ ಮಾರಾಟಗಾರನಿಗೆ ಕರೆ ಮಾಡುತ್ತಾರೆ. ಆ ಕಡೆಯಿಂದ ತಿಂಗಳ ಕಂತು, ರಿಯಾಯಿತಿ, ದೊಡ್ಡ ಪರದೆ, ತಂಪು ಮಾಡುವ ಸೀಟು ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಭಾವ ಅವನ ಮಾತು ತಡೆದು, ಪೆಟ್ರೋಲ್ ಎಂಜಿನ್, 4.30 ಆಕ್ಸಲ್ ಇರುವ ಗಾಡಿಗಳು ಎಷ್ಟಿವೆ ಎಂದು ಕೇಳುತ್ತಾರೆ. ಮೂರಿವೆಯಂತೆ. ಹಾಗಾದರೆ ಮೂರರ ಬಾಗಿಲು ತೆರೆದು ಚೌಕಟ್ಟಿನ ಚೀಟಿಯ ಫೋಟೊ ಕಳಿಸಿ, ಬೆಲೆ ಆಮೇಲೆ ಮಾತಾಡೋಣ ಎಂದು ಫೋನ್ ಇಡುತ್ತಾರೆ.